ಬಿಳಿ ಗೂಟಗಳ ರಸ್ತೆ

ಮೊನ್ನೆ ಹೊಲಿಗೆ ಯಂತ್ರದ ಖಾನೆಯಲ್ಲಿ ಗುಂಡಿ ಹುಡುಕುತ್ತಿದ್ದಾಗ ಒಂದು ಸಣ್ಣ ಕುಂಚ ಸಿಕ್ಕಿತು. ಅದರ ಕೂದಲೆಲ್ಲ ಕಪ್ಪು ಬಣ್ಣದಲ್ಲಿ ಮೆತ್ತಿಕೊಂಡು ಒಣಗಿ ಮೊಳೆಯ ಹಾಗಾಗಿದೆ. ಎಸೆಯಲೆಂದು ಕಿಟಕಿಯವರೆಗೆ ಹೋದವಳು ಹಾಗೇ ಹಿಂತಿರುಗಿ ಬಂದೆ. ಗುಂಡಿಯ ವಿಷಯ ಮರೆತೇಹೋಯಿತು.

ಅದು ಚಿತ್ರ ಬರೆಯುವ ಕುಂಚವಲ್ಲ. ನನಗೆ ಚಿತ್ರ ಬರುವುದಿಲ್ಲ. ಶಾಲೆಯಲ್ಲಿ ನಾನು ಬರೆದ ಆಕಳನ್ನು ನೋಡಿ ಡ್ರಾಯಿಂಗ್ ಮೇಷ್ಟ್ರು, ಇದು ಯಾವ ಜಿಲ್ಲೆಯ ನಕ್ಷೆ ಎಂದು ಕೇಳಿದ್ದರು. ಈ ಕುಂಚ ಕಾರಿನ ದೀಪಗಳಿಗೆ ಕಪ್ಪು ಹಚ್ಚುವುದಕ್ಕೆ ಇದ್ದದ್ದು. ಕಾರು, ಲಾರಿ, ಬಸ್ಸುಗಳ ಮುಂದಿನ ದೀಪಗಳಿಗೆ ಮೇಲಿನ ಅರ್ಧ ಕಪ್ಪು ಬಳಿದಿರುವುದನ್ನು ನೀವೂ ನೋಡಿರುತ್ತೀರಿ. ಎದುರಿನಿಂದ ಬರುವವರ ಕಣ್ಣಿಗೆ ಬೆಳಕು ಹೊಡೆಯಬಾರದೆಂದು ಹಾಗೆ ಮಾಡುತ್ತಿದ್ದರು. ಹಚ್ಚದಿದ್ದರೆ ಪೊಲೀಸರು ನಿಲ್ಲಿಸುತ್ತಿದ್ದರು. ನಮ್ಮ ಮನೆಯಲ್ಲಿ ಆಯುಧ ಪೂಜೆಯ ಹಿಂದಿನ ದಿನ ಈ ಕೆಲಸ ಆಗುತ್ತಿತ್ತು. ಅಪ್ಪ ಕಾರನ್ನು ಅಂಗಳದಲ್ಲಿ ತೊಳೆಸಿ, ಬಣ್ಣದ ಡಬ್ಬಿ ಹಿಡಿದು ನನ್ನನ್ನು ಕರೆಯುತ್ತಿದ್ದರು.

"ಗಿರಿಜಾ, ಬಾ ಇಲ್ಲಿ. ಇದರ ಕಣ್ಣಿಗೆ ಕಾಡಿಗೆ ಹಚ್ಚು."

ನನಗಾಗ ಎಂಟೋ ಒಂಬತ್ತೋ. ಆಕಳು ಬರೆಯಲು ಬಾರದಿದ್ದರೂ ನನ್ನ ಕೈ ಅಲುಗುತ್ತಿರಲಿಲ್ಲ. ಗಾಜಿನ ನಡುಮಧ್ಯಕ್ಕೆ ದಾರ ಹಿಡಿದಂತೆ ಗೆರೆ ಎಳೆದು, ಮೇಲಿನ ಭಾಗವನ್ನು ತುಂಬುತ್ತಿದ್ದೆ. ಮುಗಿಸಿ ಹಿಂದೆ ಸರಿದು ನೋಡಿದರೆ ಕಾರು ಅರ್ಧ ಕಣ್ಣು ಮುಚ್ಚಿ ನನ್ನನ್ನೇ ನೋಡುತ್ತಿರುವಂತೆ ಕಾಣುತ್ತಿತ್ತು. ಆ ರಾತ್ರಿ ನಾನು ಅಂಗಳಕ್ಕೆ ಒಬ್ಬಳೇ ಹೋಗುತ್ತಿರಲಿಲ್ಲ.

ದೀಪಗಳ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಅನುಮಾನ. ನಮ್ಮ ಮನೆ ಹರಿಹರದ ಹೊರಗೆ, ಗುತ್ತೂರಿನ ಕಡೆಗೆ. ದಾವಣಗೆರೆಯಿಂದ ಬರುವ ಹೆದ್ದಾರಿ ಬಿಟ್ಟು ಬಲಕ್ಕೆ ಒಂದು ಮಣ್ಣು ರಸ್ತೆಗೆ ತಿರುಗಬೇಕು. ರಾತ್ರಿ ಹೆದ್ದಾರಿಯ ಲಾರಿಗಳ ಬೆಳಕು ಹೊಲ ದಾಟಿ ನಮ್ಮ ಮಲಗುವ ಕೋಣೆಗೆ ಬರುತ್ತಿತ್ತು. ಕಿಟಕಿಯ ಸರಳುಗಳ ನೆರಳು ಗೋಡೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದುಹೋಗುತ್ತಿತ್ತು. ಲಾರಿ ಊರ ಕಡೆಗೆ ಹೋದರೆ ನೆರಳು ಹೊಲದ ಕಡೆಗೆ ಹೋಗುತ್ತಿತ್ತು. ಮುಂದೆ ಗಣಿತ ಓದಿದಾಗ ಕಾರಣ ತಿಳಿಯಿತು. ತಿಳಿದ ಮೇಲೂ ರಜೆಗೆ ಮನೆಗೆ ಬಂದಾಗ ನಾನು ಗೋಡೆಗೆ ಬೆನ್ನು ಹಾಕಿಯೇ ಮಲಗುತ್ತಿದ್ದೆ. ಎಂ.ಎಸ್ಸಿ. ಓದುವವಳು ನೆರಳಿಗೆ ಹೆದರುತ್ತಾಳೆಂದು ಯಾರಿಗೂ ಹೇಳಿರಲಿಲ್ಲ. ಈಗ ನಿಮಗೇ ಮೊದಲು.

ಕುಂಚದ ವಿಷಯಕ್ಕೆ ಬರುತ್ತೇನೆ. ನಾನು ಧಾರವಾಡಕ್ಕೆ ಓದಲು ಹೋದ ವರ್ಷ, ಆಯುಧ ಪೂಜೆಗೆ ಬಂದಾಗ, ಅಪ್ಪ ಬಣ್ಣದ ಡಬ್ಬಿಯ ಬದಲು ಬ್ಲೇಡು ಕೊಟ್ಟರು.

"ಈ ಸಲ ಕಪ್ಪು ಬ್ಯಾಡ. ಇದ್ದದ್ದನ್ನೂ ಕೆರೆದು ತೆಗೆ."

"ಪೊಲೀಸ್ರು ಹಿಡೀತಾರಪ್ಪ."

"ಹಿಡೀಲಿ. ಈಗಿನ ಬಲ್ಬುಗಳಿಗೆ ಜೀವನೇ ಇಲ್ಲ. ಅರ್ಧ ಮುಚ್ಚಿದ್ರೆ ಉಳಿಯೋದೇನು?"

ನನಗೆ ಅದು ಸಹಜವಾಗಿಯೇ ಕಂಡಿತು. ನಮ್ಮ ಮನೆಯಲ್ಲಿ ಈಗಿನ ಯಾವುದಕ್ಕೂ ಜೀವ ಇರಲಿಲ್ಲ. ಈಗಿನ ಹತ್ತಿ, ಈಗಿನ ಅಕ್ಕಿ, ಈಗಿನ ಮಂತ್ರಿ, ಎಲ್ಲದರ ಮೇಲೂ ಅಪ್ಪನ ದೂರು ಇತ್ತು. ಅವರು ದಾವಣಗೆರೆಯಲ್ಲಿ ಹತ್ತಿಯ ಮಂಡಿ ಇಟ್ಟಿದ್ದರು. ದಿನವೂ ಒಬ್ಬರೇ ಕಾರು ನಡೆಸಿಕೊಂಡು ಹೋಗಿ ಬರುತ್ತಿದ್ದರು. ಅವರ ಕಾರು ಒಂದು ಕೋಳಿಗೂ ತಾಗಿದ್ದಿಲ್ಲವೆಂದು ಊರಲ್ಲಿ ಹೆಸರಿತ್ತು. ಗಾಜು ಕೆರೆಯುವಾಗ ನನ್ನ ಬೆರಳು ಕೊಯ್ದುಕೊಂಡದ್ದು ಬಿಟ್ಟರೆ ಆ ದಿನದ್ದೇನೂ ನನ್ನ ಮನಸ್ಸಿನಲ್ಲಿ ಉಳಿಯಲಿಲ್ಲ.

ಮುಂದಿನ ಬೇಸಿಗೆಗೆ ಬಂದಾಗ ಅಪ್ಪ ಇನ್ನೊಂದು ಕೆಲಸ ಮಾಡಿಸಿದ್ದರು. ಹೆದ್ದಾರಿಯ ಇಕ್ಕೆಲದ ಹುಣಸೆ ಮರಗಳಿಗೆ ಸರ್ಕಾರದವರು ಹಿಂದೆಂದೋ ಹೊಡೆದ ಸುಣ್ಣ ಉದುರಿಹೋಗಿತ್ತು. ನಮ್ಮ ತಿರುವಿನ ಹತ್ತಿರದ ಮರಗಳಿಗೆಲ್ಲ ಅಪ್ಪ ತಾವೇ ಸುಣ್ಣ ಹೊಡೆಸಿದ್ದರು. ಮಣ್ಣು ರಸ್ತೆಯ ಬಾಯಲ್ಲಿದ್ದ ಸೊಂಟದೆತ್ತರದ ಕಲ್ಲಿಗೆ ದಪ್ಪವಾಗಿ ಎರಡು ಸಲ ಬಳಿಸಿದ್ದರು. ಜನ ಇದನ್ನು ಧರ್ಮದ ಕೆಲಸ ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಳಿಯಾಗಿ ನಿಂತ ಕಲ್ಲನ್ನು ನಮ್ಮ ಕಡೆಯ ಜನ ಬರಿದೇ ಬಿಡುವವರಲ್ಲ. ಯಾರೋ ಮೂರು ಬೆರಳಿನ ವಿಭೂತಿ ಎಳೆದರು. ಇನ್ಯಾರೋ ಕುಂಕುಮ ಇಟ್ಟರು. ಒಂದು ಬೆಳಗ್ಗೆ ಅದರ ಮುಂದೆ ಒಡೆದ ತೆಂಗಿನಕಾಯಿ ಬಿದ್ದಿತ್ತು. ಅಪ್ಪ ಮತ್ತೆ ಸುಣ್ಣ ಬಳಿಯಲು ಆಳು ಕಳಿಸಿದಾಗ ಗುತ್ತೂರಿನ ನಿಂಗವ್ವ ಎಂಬ ಮುದುಕಿ ಕಲ್ಲಿಗೆ ಅಡ್ಡ ನಿಂತಳು.

"ದೇವರ ಮೈಮ್ಯಾಲೆ ಸುಣ್ಣ ಚೆಲ್ತೀರೇನು? ನಿಮ್ಮ ಸಾವ್ಕಾರ್ರಿಗೆ ಹೇಳ್ರಿ, ಅವರ ಮನಿ ಬಾಗಿಲು ಕಾಯೋಕೇ ಬಂದೈತೆ ಇದು!"

ಆಳು ಸುಣ್ಣದ ಬಕೆಟ್ಟಿನ ಸಮೇತ ವಾಪಸು ಬಂದ. ನಮ್ಮ ಚಿಕ್ಕಪ್ಪನಿಗಂತೂ ಇದು ದೊಡ್ಡ ತಮಾಷೆಯಾಯಿತು. ಚಿಕ್ಕಪ್ಪ, ಅಂದರೆ ಅಪ್ಪನ ತಮ್ಮ, ಪಕ್ಕದ ಸಾರಥಿ ಎಂಬ ಹಳ್ಳಿಯಲ್ಲಿ ನಮ್ಮ ಹೊಲ ನೋಡಿಕೊಳ್ಳುತ್ತಿದ್ದರು. ಬಾಯಿ ಬಿಟ್ಟರೆ ಮುಚ್ಚುವವರಲ್ಲ.

"ಅಣ್ಣ ಸುಣ್ಣ ಹೊಡೆದ, ಊರವ್ರು ದೇವ್ರು ಮಾಡಿದ್ರು. ಇನ್ನೊಂದು ವರ್ಷಕ್ಕೆ ಗುಡಿ ಕಟ್ಟಿ ಅಣ್ಣನ್ನೇ ಪೂಜಾರಿ ಮಾಡ್ತಾರೆ ನೋಡು!"

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. "ಕಲ್ಲು ಬೆಳ್ಳಗಿರ್ಬೇಕು," ಎಂದಷ್ಟೇ ಹೇಳಿ ಊಟ ಬಿಟ್ಟು ಎದ್ದರು. ಕಲ್ಲಿನ ಮೇಲೆ ಯಾಕಿಷ್ಟು ಸಿಟ್ಟು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಆ ಅಮಾವಾಸ್ಯೆಗೆ ನಿಂಗವ್ವ ಮತ್ತು ಅವಳ ಓಣಿಯವರು ಕಲ್ಲಿಗೆ ನೆತ್ತಿಯಿಂದ ಬುಡದವರೆಗೆ ಎಣ್ಣೆ ಸುರಿದು, ಕುಂಕುಮ ಮೆತ್ತಿ, ಹಸಿರು ಕುಪ್ಪಸದ ಬಟ್ಟೆ ಸುತ್ತಿದರು. ಒಂದು ಚಿಟಿಕೆ ಬಿಳಿ ಎಲ್ಲೂ ಉಳಿಯಲಿಲ್ಲ.

ಮರುದಿನ ಅಪ್ಪ ನನ್ನನ್ನೂ ಚಿಕ್ಕಪ್ಪನನ್ನೂ ದಾವಣಗೆರೆಗೆ ಕರೆದುಕೊಂಡು ಹೋದರು. ತಿರುವಿನಲ್ಲಿ ಸಿಟ್ಟಿಗೆ ಕಲ್ಲಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಮೈದಾನದಲ್ಲಿ ಎಕ್ಸಿಬಿಷನ್ ಬಂದಿತ್ತು. ಜೈಂಟ್ ವ್ಹೀಲು, ಹಪ್ಪಳದ ಅಂಗಡಿ, ಬಳೆಯ ಅಂಗಡಿ, ಎಲ್ಲ ಸುತ್ತಿ ಚಿಕ್ಕಪ್ಪ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡಾಗ ಇನ್ನೂ ಬಿಸಿಲಿತ್ತು. ಮೂಲೆಯಲ್ಲಿ ಕಪ್ಪು ತಾಡಪತ್ರಿಯ ಒಂದು ಡೇರೆ. ಅದರ ಬಾಗಿಲಲ್ಲಿ ಆನೆಕೊಂಡದ ರಹಮತ್ ಸಾಬರು ಕುರ್ಚಿ ಹಾಕಿಕೊಂಡು ಕೂಗುತ್ತಿದ್ದರು. ರೇಡಿಯೋ ರಿಪೇರಿ ಅಂಗಡಿಯ ರಹಮತ್ ಸಾಬರು ಅಪ್ಪನಿಗೆ ಪರಿಚಯದವರೇ.

"ಬರ್ರಿ ಸಾವ್ಕಾರ್ರೆ, ಕೂಡ್ರಿ! ಹೊರಗೆ ಹಗಲು, ಒಳಗೆ ರಾತ್ರಿ. ಮುಂಬೈಯಿಂದ ತಂದಿರೋ ವಿಡಿಯೋ ಗೇಮು. ಪೆಟ್ರೋಲ್ ಬ್ಯಾಡ, ಲೈಸೆನ್ಸ್ ಬ್ಯಾಡ."

ಒಳಗೆ ನಿಜಕ್ಕೂ ರಾತ್ರಿಯೇ ಇತ್ತು. ಬೀರುವಿನಷ್ಟು ಎತ್ತರದ ಪೆಟ್ಟಿಗೆ, ಅದಕ್ಕೊಂದು ಟೀವಿ ಪರದೆ, ಕೆಳಗೆ ಸ್ಟೀರಿಂಗು, ಕಾಲಿಗೆ ಒಂದು ಪೆಡಲು. ಪರದೆಯಲ್ಲಿ ಕಾರು ಇಲ್ಲ, ರಸ್ತೆಯೂ ಇಲ್ಲ. ಕಪ್ಪು ಮಾತ್ರ. ಪೆಡಲು ಒತ್ತಿದರೆ ನಡುವಿನ ಒಂದು ಬಿಂದುವಿನಿಂದ ಬಿಳಿ ಗೂಟಗಳು ಹುಟ್ಟಿ, ದೊಡ್ಡದಾಗುತ್ತ ಎಡಕ್ಕೂ ಬಲಕ್ಕೂ ಸರಿದುಹೋಗುತ್ತಿದ್ದವು. ಎರಡು ಸಾಲು ಗೂಟಗಳ ನಡುವಿನದೇ ರಸ್ತೆ ಎಂದು ನಾವು ನಂಬಬೇಕು. ಬೆಳಕು ನಮ್ಮ ಕಾರಿನದೇ ಎಂದೂ ನಂಬಬೇಕು. ಇದನ್ನು ಮಾಡಿದವನು ಬುದ್ಧಿವಂತ ಎಂದುಕೊಂಡೆ. ಮರ, ಮನೆ, ಮನುಷ್ಯರನ್ನು ಬರೆಯಲು ಬಾರದೆ ರಾತ್ರಿ ಮಾಡಿಬಿಟ್ಟಿದ್ದಾನೆ. ಆಕಳು ಬರೆಯುವಾಗ ನನಗೂ ಈ ಉಪಾಯ ಹೊಳೆಯಬೇಕಿತ್ತು.

ಮೊದಲು ನಾನು ಕುಳಿತೆ. ಸಾರಥಿಯ ಕಣದಲ್ಲಿ ಹಗಲು ಹೊತ್ತು ಅಪ್ಪ ನನಗೆ ಕಾರು ಕಲಿಸಿದ್ದರು. ಹಾಗಾಗಿ ಧೈರ್ಯ ಇತ್ತು. ಗೂಟಗಳು ಬಾಗಿದ ಕಡೆಗೆ ಎಷ್ಟು ತಿರುಗಿಸಬೇಕೆಂದು ಲೆಕ್ಕ ಹಾಕುವಷ್ಟರಲ್ಲಿ ಗೂಟವೇ ಬಂದು ಹೊಡೆಯುತ್ತಿತ್ತು. ಪರದೆ ಬೆಳ್ಳಗೆ ಮಿಂಚಿ ತಗಡು ಹರಿದಂಥ ಸದ್ದಾಗುತ್ತಿತ್ತು.

"ಎಮ್ಮೆಸ್ಸಿ, ಇಳಿ ಕೆಳಗೆ," ಎಂದರು ಚಿಕ್ಕಪ್ಪ. "ನೀನು ಲೆಕ್ಕ ಮುಗಿಸೋದ್ರೊಳಗೆ ಕಾರು ಗುಜರಿಗೆ ಹೋಗಿರ್ತೈತೆ."

ಅವರು ಕುಳಿತರು. ಮೊದಲನೆಯ ಗೂಟಕ್ಕೇ ಹೊಡೆದರು. ಆಮೇಲೆ ಕಾರನ್ನು ಬಿಟ್ಟು ಆಟವನ್ನೇ ಬೈಯತೊಡಗಿದರು.

"ಇದೆಂಥ ರಸ್ತೆ ಸಾಬ್ರೆ? ಮರ ಇಲ್ಲ, ಎತ್ತಿನ ಗಾಡಿ ಇಲ್ಲ, ಎದುರಿಗೆ ಒಂದು ಲಾರಿ ಇಲ್ಲ. ಹಿಂಗಿದ್ರೆ ಯಾವನು ರಸ್ತೆ ಅಂತಾನೆ?"

"ಎರಡನೇ ಆಟಕ್ಕೆ ಲಾರಿ ಬರ್ತೈತೆ ಅಂತ ಹೇಳ್ಲೇನ್ರಿ ಸುಳ್ಳು?" ರಹಮತ್ ಸಾಬರು ನಕ್ಕರು. "ಸಾವ್ಕಾರ್ರೆ, ನೀವು ಕೂಡ್ರಿ. ನಿಮ್ಮ ಮನಿ ಮರ್ಯಾದೆ ಉಳಿಸ್ರಿ."

ಅಪ್ಪ ಕನ್ನಡಕ ಒರೆಸಿಕೊಂಡು ಕುಳಿತರು. ನಾನು ಅವರ ಬೆನ್ನ ಹಿಂದೆ ನಿಂತಿದ್ದೆ. ಗೂಟಗಳು ಹುಟ್ಟಿದವು, ಬೆಳೆದವು, ಸರಿದವು. ಅಪ್ಪ ಪೆಡಲಿನಿಂದ ಕಾಲು ತೆಗೆಯಲೇ ಇಲ್ಲ. ಸ್ಟೀರಿಂಗನ್ನು ಒಂದಿಷ್ಟು ಆಚೆ, ಒಂದಿಷ್ಟು ಈಚೆ, ತೊಟ್ಟಿಲು ತೂಗಿದಷ್ಟು ಹಗುರವಾಗಿ ತಿರುಗಿಸುತ್ತಿದ್ದರು. ಎಷ್ಟು ವೇಗದಲ್ಲಿ ಗೂಟಗಳು ಬಂದರೂ ಒಂದನ್ನೂ ಮುಟ್ಟಲಿಲ್ಲ. ಹೊರಗಿನವರು ಬಂದು ಹಿಂದೆ ಗುಂಪು ಕಟ್ಟಿದರು. ಯಾರೋ ಸೀಟಿ ಹೊಡೆದರು. ಆಟದ ಹೊತ್ತು ಮುಗಿದು ಪರದೆ ತಾನೇ ನಿಂತುಹೋಯಿತು.

"ವ್ಹಾ! ಉಸ್ತಾದ್!" ಎಂದರು ರಹಮತ್ ಸಾಬರು. "ನನ್ನ ಮಶೀನಿನ ಮ್ಯಾಲೆ ಹಿಂಗ ಓಡಿಸ್ದೋರೇ ಇಲ್ಲ."

ಅಪ್ಪ ಕಪ್ಪು ಪರದೆಯನ್ನು ನೋಡುತ್ತಲೇ ಇದ್ದರು. ಮುಖದಲ್ಲಿ ಮೆಚ್ಚುಗೆ ಇತ್ತು.

"ಭಾಳ ಖರೇ ಮಾಡ್ಯಾರೆ. ಥೇಟ್ ನಮ್ಮ ರಸ್ತೆ."

"ಅಣ್ಣಾ!" ಚಿಕ್ಕಪ್ಪ ನಕ್ಕುಬಿಟ್ಟರು. "ಯಾವುದು ನಮ್ಮ ರಸ್ತೆ? ನಮ್ಮ ರಸ್ತೆಗೆ ಮರ ಇಲ್ಲೇನು, ಮಂದಿ ಇಲ್ಲೇನು?"

"ಇರ್ತಾವೆ. ಆದ್ರೆ ರಾತ್ರಿ ಯಾರಿಗೆ ಕಾಣ್ತಾವೆ? ರಾತ್ರಿ ಕಾರು ನಡೆಸೋರಿಗೆ ಇಷ್ಟೇ ಕಾಣೋದು."

ಚಿಕ್ಕಪ್ಪ ಇನ್ನೂ ನಗುತ್ತಿದ್ದರು. ನಾನು ನಗಲಾರದೆ ನಿಂತೆ. ಅಪ್ಪ ತಮಾಷೆ ಮಾಡುವವರಲ್ಲ. ಕೆರೆಸಿದ ಕಪ್ಪು, ಜೀವವಿಲ್ಲದ ಬಲ್ಬುಗಳು, ಸುಣ್ಣದ ಮರಗಳು, ಬೆಳ್ಳಗಿರಬೇಕಾದ ಕಲ್ಲು, ಒಂದೊಂದೇ ನನ್ನ ಕಡೆಗೆ ಬಂದವು. ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಎಲ್ಲರ ರಾತ್ರಿಯೂ ಹೀಗೇ ಇರುತ್ತದೆಂದು ನಂಬಿದ್ದರು.

ಡೇರೆಯಿಂದ ಹೊರಗೆ ಬಂದರೆ ಹಗಲು ಮುಗಿಯುತ್ತಿತ್ತು.

ಯಾವಾಗಲೂ ಹಿಂದಿನ ಸೀಟಿನಲ್ಲಿ ಕೂರುವ ನಾನು ಅಂದು ಮುಂದೆ ಕುಳಿತೆ. ಬಸ್ಸಿಗೆ ಹೋಗೋಣವೇ ಎಂದು ಕೇಳಿದ್ದೆ. ಕಾರು ಇರೋವಾಗ ಬಸ್ ಯಾಕ ಎಂದು ಅಪ್ಪ ಕೀಲಿ ತಿರುಗಿಸಿದರು. ಬಟ್ಟೆ ಗಿರಣಿಗಳು ಹಿಂದಾಗುವ ಹೊತ್ತಿಗೆ ಕತ್ತಲಾಯಿತು. ಅಮಾವಾಸ್ಯೆಯ ಮರುದಿನ, ಚಂದ್ರನಿಲ್ಲ. ಅಪ್ಪ ದೀಪ ಹಾಕಿದರು. ದೀಪ ಚೆನ್ನಾಗಿಯೇ ಇತ್ತು. ಅದರ ಬೆಳಕಿನಲ್ಲಿ ನಾನು ಕಂಡದ್ದನ್ನು ಈಗಲೂ ಮರೆತಿಲ್ಲ. ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಹೋಗುವ ಗಿರಣಿಯವರು. ತಲೆಯ ಮೇಲೆ ಮೇವಿನ ಹೊರೆ ಹೊತ್ತ ಹೆಂಗಸು. ಕಪ್ಪು ಕಂಬಳಿ ಹೊದ್ದು ರಸ್ತೆಯ ಅಂಚಿನಲ್ಲೇ ನಡೆಯುವ ಮುದುಕ. ಒಬ್ಬೊಬ್ಬರೂ ಬೆಳಕಿಗೆ ಬಂದು, ಕಾರಿನ ಕನ್ನಡಿಗೆ ಒಂದು ಗೇಣು ಬಿಟ್ಟು ಹಿಂದೆ ಹೋಗುತ್ತಿದ್ದರು. ಅಪ್ಪನ ಕೈ ತೊಟ್ಟಿಲು ತೂಗಿದಷ್ಟೇ ಹಗುರವಾಗಿತ್ತು. ಮುಖ ನಿಶ್ಚಿಂತವಾಗಿತ್ತು. ಆ ಮನುಷ್ಯರು ಯಾರೂ ಅವರ ರಸ್ತೆಯಲ್ಲಿ ಇರಲೇ ಇಲ್ಲ.

"ಅಪ್ಪಾ, ಮುಂದೆ ಗಾಡಿ ಐತೆ."

"ಎಲ್ಲಿ?"

"ಮುಂದೇನೇ. ಎತ್ತಿನ ಗಾಡಿ. ಬಲಕ್ಕೆ ತಗೊ."

ಅವರು ಬಲಕ್ಕೆ ಸರಿದರು. ಗಾಡಿ ಪಕ್ಕದಲ್ಲೇ ಹಾದುಹೋಯಿತು. ಎತ್ತಿನ ಕೊರಳ ಗಂಟೆ ಕಿವಿಗೇ ಬಡಿದಂತಾಯಿತು. ಅಪ್ಪ ಬೆಚ್ಚಿ ಶಬ್ದದ ಕಡೆಗೆ ತಿರುಗಿದರು.

"ಲಾಂದ್ರ ಇಲ್ದೆ ಬರ್ತಾರೆ," ಎಂದರು. ಹಿಂದಿನ ಸೀಟಿನಲ್ಲಿ ಚಿಕ್ಕಪ್ಪ ಮಂಡಕ್ಕಿಯ ಪೊಟ್ಟಣ ಅಪ್ಪಿಕೊಂಡು ತೂಕಡಿಸುತ್ತಿದ್ದರು.

"ಸ್ವಲ್ಪ ನಿಲ್ಸಪ್ಪ," ಎಂದೆ.

"ಮನೆ ಬಂತಲ್ಲ. ಕಲ್ಲು ಬಂದ್ರೆ ಮುಗೀತು."

ಕಲ್ಲು ಎಣ್ಣೆ ಕುಡಿದು ಕಪ್ಪಾಗಿ ನಿಂತಿದೆ ಎಂಬುದು ನನಗೆ ಆಗ ನೆನಪಾಯಿತು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬಲಗಡೆ, ಕಾಲುವೆಯ ಏರಿಯ ಮೇಲೆ, ಏನೋ ಬೆಳ್ಳಗೆ ಕಂಡಿತು.

"ಬಂತು ನೋಡು ಕಲ್ಲು," ಎಂದರು ಅಪ್ಪ. ನೆಮ್ಮದಿಯಿಂದ ಸ್ಟೀರಿಂಗು ತಿರುಗಿಸಿದರು.

ಕಲ್ಲು ಎದ್ದು ನಿಂತಿತು.

ನಾನು ಕೈಬ್ರೇಕನ್ನು ಎರಡೂ ಕೈಯಿಂದ ಎಳೆದೆ. ಕಾರು ಒಂದು ಸಲ ಅಡ್ಡ ಹೊರಳಿ, ಕೆಮ್ಮಿ, ನಿಂತಿತು. ದೀಪಗಳು ಹಾಗೇ ಉರಿಯುತ್ತಿದ್ದವು. ಅವುಗಳ ಮುಂದೆ, ಕೈಚಾಚಿದರೆ ಮುಟ್ಟುವಷ್ಟು ಹತ್ತಿರ, ಬಿಳಿ ಧೋತರ, ಬಿಳಿ ಅಂಗಿ, ಬಿಳಿ ರುಮಾಲಿನ ಒಬ್ಬ ಹಿರಿಯರು ನಿಂತಿದ್ದರು. ಬಸ್ಸಿಗೆ ಕಾದು ಬೇಸತ್ತು ಕುಕ್ಕರುಗಾಲಲ್ಲಿ ಕೂತಿದ್ದವರು. ಅವರ ಬೆನ್ನಿಗೇ ಕಾಲುವೆಯ ನೀರು.

"ಏನ್ರೀ, ಕಣ್ಣು ಕಾಣಲ್ಲೇನ್ರಿ?"

ರಸ್ತೆಯಲ್ಲಿ ಎಲ್ಲರೂ ಎಲ್ಲರಿಗೂ ಬೈಯುವ ಬೈಗುಳ ಅದು. ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ಉತ್ತರ ಕೊಟ್ಟರು.

"ಕಂಡ್ರಿ ಯಜಮಾನ್ರೆ. ನೀವು ಕಂಡದ್ದಕ್ಕೇ ತಿರುಗಿಸ್ದೆ."

ಆ ಮನುಷ್ಯ ಅಪ್ಪನ ಮುಖವನ್ನೇ ನೋಡಿದರು. ಬೈಯಲು ಎತ್ತಿದ್ದ ಕೈ ಇಳಿಸಿದರು. ಹಿಂತಿರುಗಿ ಹಿಂತಿರುಗಿ ನೋಡುತ್ತ ಊರ ಕಡೆಗೆ ನಡೆದುಹೋದರು. ಬೆಳಕಿನ ಹೊರಗೆ ಹೋದ ಮೇಲೂ ಅವರ ಬಿಳಿ ಬಟ್ಟೆ ನನಗೆ ಬಹಳ ಹೊತ್ತು ಕಾಣುತ್ತಿತ್ತು.

ಚಿಕ್ಕಪ್ಪ ಎಚ್ಚರಾಗಿ, "ಏನಾತು? ಪಂಕ್ಚರ್ರೇನು?" ಎಂದರು. ಅಪ್ಪ, ಚಿಕ್ಕಪ್ಪನನ್ನಲ್ಲ, ನನ್ನನ್ನು ಕೇಳಿದರು:

"ನಿನಗೇನೇನ್ ಕಾಣ್ತೈತೆ ಈಗ? ಎಲ್ಲಾ ಹೇಳು."

ನಾನು ಹೇಳಿದೆ. ಎಡಗಡೆ ಹುಣಸೆ ಮರ, ಸುಣ್ಣದ ಮೇಲೆ ತೊಗಟೆ, ತೊಗಟೆಯ ಮೇಲೆ ಕೊಂಬೆ. ಕೊಂಬೆಗೆ ಸಿಕ್ಕಿಕೊಂಡ ಹರಿದ ಗಾಳಿಪಟ. ಕಾಲುವೆಯ ಏರಿ, ಏರಿಯ ಮೇಲೆ ಆಪು ಹುಲ್ಲು. ಹುಲ್ಲಿನಲ್ಲಿ ಒಂದು ನಾಯಿ, ನಮ್ಮನ್ನೇ ನೋಡುತ್ತಿದೆ. ಅದರಾಚೆ ಸೈಕಲ್ ತಳ್ಳಿಕೊಂಡು ಇಬ್ಬರು. ಇನ್ನೂ ಮುಂದೆ ನಮ್ಮ ಕಲ್ಲು, ಹಸಿರು ಬಟ್ಟೆ ಉಟ್ಟಿದೆ.

ಅಪ್ಪ ಯಾವುದೋ ದೂರದ ಊರಿನ ಸುದ್ದಿ ಕೇಳುವ ಹಾಗೆ ಕೇಳಿದರು. ಒಂದೊಂದು ಹೇಳಿದಾಗಲೂ ಆ ಕಡೆಗೆ ಮುಖ ತಿರುಗಿಸಿದರು.

"ದಿನಾ ಇಷ್ಟೆಲ್ಲ ಇರ್ತಾವೇನು?"

"ಇರ್ತಾವಪ್ಪ."

"ಮಂದೀನೂ?"

"ಮಂದೀನೂ."

ಅವರು ಸ್ಟೀರಿಂಗಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ಅಂದ್ರೆ ಇಷ್ಟು ದಿನ..." ಎಂದರು. ಬಾಗಿಲು ತೆರೆದು ಇಳಿದು, ಕಾರನ್ನು ಕೈಯಿಂದ ತಡವುತ್ತ ಸುತ್ತಿ ಬಂದು ನನ್ನ ಬಾಗಿಲಲ್ಲಿ ನಿಂತರು.

"ಆಚೆ ಸರಿ. ನೀನೇ ನಡೆಸು."

ಕಣದಲ್ಲಿ ಹಗಲು ಕಲಿತ ವಿದ್ಯೆ, ಡೇರೆಯಲ್ಲಿ ಹೊಡೆದುಕೊಂಡ ಗೂಟಗಳು, ಎರಡನ್ನೂ ನೆನೆಯುತ್ತ ನಾನು ಮೊದಲನೆಯ ಗೇರಿನಲ್ಲೇ ಮನೆ ಮುಟ್ಟಿಸಿದೆ. ಚಿಕ್ಕಪ್ಪ ಒಂದು ತಮಾಷೆಯನ್ನೂ ಮಾಡಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಕಣ್ಣಿನ ಡಾಕ್ಟರು ಅದಕ್ಕೊಂದು ಹೆಸರು ಹೇಳಿದರು. ಕೆಲವರ ಕಣ್ಣಿಗೆ ಮೊದಲು ರಾತ್ರಿ ಹೋಗುತ್ತದೆ, ಆಮೇಲೆ ಅಂಚುಗಳು ಹೋಗುತ್ತವೆ, ನಡುವಿನದು ಬಹಳ ದಿನ ಉಳಿಯುತ್ತದೆ ಎಂದರು. ಅಪ್ಪ ಹೊರಗೆ ಬಂದು ಕಾರಿನ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಆ ವರ್ಷದ ಆಯುಧ ಪೂಜೆಗೆ ತಾವೇ ಕಪ್ಪು ಬಣ್ಣದ ಡಬ್ಬಿ ಹುಡುಕಿ ತಂದರು.

"ಹಚ್ಚು. ಬಲ್ಬಿನ ತಪ್ಪಲ್ಲ ಅಂತ ಗೊತ್ತಾತಲ್ಲ. ಎದುರಿಗೆ ಬರೋರ ಕಣ್ಣಾದ್ರೂ ಉಳೀಲಿ."

ನಾನು ಗೆರೆ ಎಳೆದೆ. ಆ ವರ್ಷ ಗೆರೆ ಅಷ್ಟು ನೇರವಾಗಿ ಬರಲಿಲ್ಲ. ಕುಂಚ ತೊಳೆಯದೆ ಖಾನೆಗೆ ಹಾಕಿದ್ದು ಆಗಲೇ ಇರಬೇಕು.

ಓದು ಮುಗಿಸಿ ಬಂದ ಮೇಲೆ ನನಗೆ ದಾವಣಗೆರೆಯಲ್ಲೇ ಪಾಠ ಹೇಳುವ ಕೆಲಸ ಸಿಕ್ಕಿತು. ಈಗ ಸಂಜೆ ಮಂಡಿಗೆ ಹೋಗಿ ಅಪ್ಪನನ್ನು ಹತ್ತಿಸಿಕೊಂಡು ಬರುತ್ತೇನೆ. ಹೆಣ್ಣುಮಗಳು ಕಾರು ನಡೆಸುವುದನ್ನು ಮೊದಮೊದಲು ಜನ ನಿಂತು ನೋಡುತ್ತಿದ್ದರು. ಅವರೆಲ್ಲ ನನಗೆ ಕಾಣುತ್ತಿದ್ದರು, ಅದೇ ಸಮಾಧಾನ. ಕತ್ತಲಾದ ಮೇಲೆ ಅಪ್ಪ ಮುಂದಿನ ಗಾಜಿಗೆ ಮುಖ ಹಿಡಿದು ಕೂರುತ್ತಾರೆ. ಆಗಾಗ ಕೇಳುತ್ತಾರೆ: "ಈಗ ಯಾರು ಅದಾರೆ?" ನಾನು ಕಂಡಷ್ಟನ್ನೂ ಹೇಳುತ್ತೇನೆ. ಸೈಕಲ್ಲು, ಕುರಿಮಂದೆ, ನಿಂಗವ್ವ, ಅವಳ ದೇವರು.

ಹೋದ ವಾರ ಮೋಡ ಮುಚ್ಚಿತ್ತು. ಕಾಲುವೆಯ ಏರಿಯ ಹತ್ತಿರ ರಸ್ತೆ ಉದ್ದಕ್ಕೂ ಖಾಲಿ. ಅಪ್ಪ ಕೇಳಿದರು.

"ಯಾರೂ ಇಲ್ಲಪ್ಪ," ಎಂದೆ.

ಅಪ್ಪ ಕತ್ತಲೆಯನ್ನೇ ನೋಡುತ್ತಿದ್ದರು.

"ಸರಿಯಾಗಿ ನೋಡು," ಎಂದರು. "ನಾನೂ ಹಂಗೇ ಅಂದ್ಕೊಂಡಿದ್ದೆ."

ನಾನು ವೇಗ ಇಳಿಸಿದೆ.